ಒಂಬತ್ತು ಕಡಗದ ತೋಳು

ಬೆಟಗೇರಿಯ ಸುಣ್ಣದಗೂಡು ಓಣಿಯಲ್ಲಿ ದಿನಾ ಬೆಳಿಗ್ಗೆ ಐದು ಗಂಟೆಗೆ ಒಂಬತ್ತು ಹೆಂಗಸರಿಗೆ ಪಾರ್ಶ್ವವಾಯು ಹೊಡೆಯುತ್ತಿತ್ತು. ಹನ್ನೊಂದು ಗಂಟೆಗೆ ಒಂಬತ್ತು ಜನವೂ ಗುಣವಾಗುತ್ತಿದ್ದರು.

ಹಾಗೆಂದು ಆಸರೆ ಕೇಂದ್ರದ ಯಂತ್ರ ಹೇಳುತ್ತಿತ್ತು, ಮತ್ತು ಹನ್ನೊಂದು ವರ್ಷಗಳಲ್ಲಿ ಆ ಯಂತ್ರ ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ. ಅದು ತನ್ನ ಪದ್ಧತಿಯಂತೆ ಮೊದಲ ವಾರ ಡಾಕ್ಟರನ್ನು ಕಳಿಸಿತು. ಡಾಕ್ಟರು ಹೋದದ್ದು ಮಧ್ಯಾಹ್ನ. ಒಂಬತ್ತೂ ಹೆಂಗಸರು ಹೊಸ್ತಿಲ ಮೇಲೆ ನಿಂತು ಬರಮಾಡಿಕೊಂಡು ಚಹಾ ಕೊಟ್ಟರು. ಎರಡನೆಯ ವಾರ ಒಂಬತ್ತು ಗಾಲಿಕುರ್ಚಿ ಕಳಿಸಿತು. ಅವುಗಳಲ್ಲಿ ರೊಟ್ಟಿ ಬುಟ್ಟಿಗಳನ್ನು ಕೂರಿಸಿ, ಹೆಂಗಸರು ಬಸ್‌ಸ್ಟ್ಯಾಂಡಿನವರೆಗೆ ಮೆರವಣಿಗೆಯಂತೆ ತಳ್ಳಿಕೊಂಡು ಹೋದದ್ದು ರಸ್ತೆಯ ಕ್ಯಾಮೆರಾಗಳಲ್ಲಿ ಸಿಕ್ಕಿತು. ಮೂರನೆಯ ವಾರ ಈ ಫೈಲು ದಾಕ್ಷಾಯಣಿ ಕಟ್ಟೀಮನಿಯ ಮೇಜಿಗೆ ಬಂತು.

ದಾಕ್ಷಾಯಣಿ ಕೇಂದ್ರದ ವಿಶ್ಲೇಷಕಿ. ಕಡಗಗಳು ಹೇಳುವುದನ್ನು ಓದಿ, ಎಲ್ಲಿ ಏನು ಕೆಟ್ಟಿದೆ ಎಂದು ಕಂಡುಹಿಡಿಯುವುದು ಅವಳ ಕೆಲಸ. ಕಡಗವೆಂದರೆ ಬೂದುಬಣ್ಣದ, ಬೆರಳಗಲದ ಒಂದು ಪಟ್ಟಿ. ಬೆವರಿನ ಉಪ್ಪು, ನಾಡಿಯ ಓಟ, ಸ್ನಾಯುಗಳ ಕಣ್ಣಿಗೆ ಕಾಣದ ನಡುಕ, ಇಷ್ಟನ್ನು ಓದಿ ಮೈಗೆ ಎಷ್ಟು ದಣಿವಾಗಿದೆ, ಏನು ಕಡಿಮೆಬಿದ್ದಿದೆ ಎಂದು ಅದು ಕೇಂದ್ರಕ್ಕೆ ತಿಳಿಸುತ್ತದೆ. ದಿನಾ ಮಧ್ಯಾಹ್ನ ಹನ್ನೆರಡಕ್ಕೆ ಯಂತ್ರ ಇಡೀ ಜಿಲ್ಲೆಯ ದಣಿವನ್ನು ಕೂಡಿಸಿ ನೋಡಿ, ಅದು ಕಡಿಮೆಯಾಗಲು ಎಲ್ಲಿಗೆ ಏನು ಕಳಿಸಬೇಕೆಂದು ತೀರ್ಮಾನಿಸುತ್ತದೆ. ಹಸಿದವನ ಮನೆಗೆ ಅವನು ಬಾಯಿ ಬಿಡುವ ಮೊದಲೇ ಕಾಳು ಬರುತ್ತದೆ. ಬಸುರಿಯ ಮನೆಗೆ ಅವಳಿಗೇ ಗೊತ್ತಾಗುವ ಮೊದಲು ದಾದಿ ಬರುತ್ತಾಳೆ. ಅರ್ಜಿ ಎಂಬ ಶಬ್ದಕ್ಕೆ ಈಗ ಶಾಲೆಯ ಮಕ್ಕಳಿಗೆ ಅರ್ಥ ಬಿಡಿಸಿ ಹೇಳಬೇಕು.

ಆ ಶಬ್ದದ ಅರ್ಥ ದಾಕ್ಷಾಯಣಿಗೆ ಗೊತ್ತಿತ್ತು. ಅವಳ ಅಜ್ಜಿ ವರ್ಷಕ್ಕೊಮ್ಮೆ ಕಚೇರಿಗೆ ಹೋಗಿ ತಾನಿನ್ನೂ ಬದುಕಿದ್ದೇನೆಂದು ಹೆಬ್ಬೆಟ್ಟು ಒತ್ತಿ ಬರಬೇಕಿತ್ತು. ಒಂದು ವರ್ಷ ಬೆರಳಿನ ಗೆರೆಗಳು ಸವೆದುಹೋಗಿ, ಅಜ್ಜಿ ಬದುಕಿದ್ದಾಳೆಂದು ಕಚೇರಿ ಒಪ್ಪಲಿಲ್ಲ. ಮುಂದೆ ದಾಕ್ಷಾಯಣಿ ಸರ್ಕಾರದ ನೆರವಿಗಾಗಿ ಸಾಲಿನಲ್ಲಿ ನಿಂತವರ ಮೇಲೆಯೇ ನಾಲ್ಕು ವರ್ಷ ಸಂಶೋಧನೆ ಮಾಡಿದಳು. ಯಾರಿಗೆ ಕೊಡಬೇಕು, ಯಾರು ಅರ್ಹರು, ಯಾರು ಕಳ್ಳರು ಎಂದು ವಿಂಗಡಿಸುವುದರಲ್ಲೇ ಹಳೆಯ ಸರ್ಕಾರಗಳ ಅರ್ಧ ಆಯುಷ್ಯ ಕಳೆದಿತ್ತೆಂದು ಬರೆದಳು. ಆದ್ದರಿಂದ ಕಡಗ ಬಂದಾಗ ಅವಳು ಅದನ್ನು ಕಣ್ಣಿಗೊತ್ತಿಕೊಂಡಿದ್ದಳು.

"ನಾಟಕ ಇದು," ಎಂದರು ಕೇಂದ್ರದ ನಿರ್ದೇಶಕ ವಿನಯಚಂದ್ರ ಮಳಗಿ. "ತಮ್ಮ ಕಡಗ ಮತ್ತೊಬ್ಬರ ಕೈಗೆ ಹಾಕ್ಯಾರ. ಕಲಂ ಹದಿನಾಲ್ಕು. ಓಣಿಗೆ ಓಣೀನ ಒಂದು ವರ್ಷ ನೆರವು ಬಂದ್."

"ನೋಡದನ ಹೆಂಗ ಹೇಳ್ತೀರಿ ಸರ್?"

"ಅದಕ್ಕ ನಿಮ್ಮನ್ನ ಕಳಸಾಕತ್ತೇನಿ. ನೋಡಿ ಬರ್ರಿ, ಬಂದು ನಾ ಹೇಳಿದ್ದನ್ನ ಬರೀರಿ." ಮಳಗಿ ಕೆಟ್ಟ ಮನುಷ್ಯರಲ್ಲ. ಅವರು ಫೈಲಿನ ಕೊನೆಯ ಹಾಳೆ ತಿರುವಿದರು. "ಆಮ್ಯಾಲ, ಆ ಓಣ್ಯಾಗ ಹಾಸಿಗಿ ಹಿಡಿದಾಂವ ಒಬ್ಬ ಅದಾನ. ಮೌನೇಶ ಬಡಿಗೇರ, ಪೂರ್ಣ ಅವಲಂಬಿತ. ನೆರವು ನಿಂತ ಓಣ್ಯಾಗ ಅಂಥಾವ್ರನ್ನ ಬಿಡೂ ಹಂಗಿಲ್ಲ. ಆರೈಕೆ ಧಾಮಕ್ಕ ಕಳಿಸೋಣು. ಅಲ್ಲಿ ಅರಾಮ ಇರ್ತಾನ, ಪಾಪ."

ಆರೈಕೆ ಧಾಮ ಎಪ್ಪತ್ತು ಕಿಲೋಮೀಟರು ದೂರವಿತ್ತು. ಬಿಳಿ ಹಾಸಿಗೆ, ಹೊತ್ತುಹೊತ್ತಿಗೆ ಊಟ, ಕಿಟಕಿಗೊಂದು ಪರದೆ. ದಾಕ್ಷಾಯಣಿಗೂ ಅದು ನ್ಯಾಯವೆನ್ನಿಸಿತು.

ಮರುದಿನ ಬೆಳಿಗ್ಗೆ ಏಳಕ್ಕೆ ಅವಳು ಓಣಿಯ ಬಾಯಲ್ಲಿ ನಿಂತಾಗ ಕೇಳಿದ್ದು ರೊಟ್ಟಿ ಬಡಿಯುವ ಸದ್ದು. ಒಂಬತ್ತು ಒಲೆ, ಒಂಬತ್ತು ಹಂಚು, ಹದಿನೆಂಟು ಕೈ. ಹಿಟ್ಟಿನ ಉಂಡೆ ಅಂಗೈಯ ಏಟಿಗೆ ಗುಂಡಗೆ ಅಗಲವಾಗುತ್ತ, ಹಂಚಿಗೆ ಹಾರಿ, ನೀರು ಸವರಿಸಿಕೊಂಡು, ಮಗುಚಿ, ಕೆಂಡಕ್ಕೆ ಆತು ಉಬ್ಬಿ, ಬುಟ್ಟಿಗೆ ಬೀಳುತ್ತಿತ್ತು. ಅವಳ ಕೈಯಲ್ಲಿದ್ದ ಪರದೆಯ ಪ್ರಕಾರ ಈ ಒಂಬತ್ತೂ ಜನ ಆ ಹೊತ್ತಿಗೆ ಅಲ್ಲಾಡಲಾರದೆ ಮಲಗಿದ್ದರು.

"ನೀಲಗಂಗವ್ವ ಅಂದ್ರ ಯಾರ್ರಿ?"

"ನಾನರಿ ಬಾಯಾರ," ಎಂದಳು ಮೊದಲ ಒಲೆಯ ಮುಂದಿದ್ದ ಐವತ್ತರ ಹೆಂಗಸು, ಕೈ ನಿಲ್ಲಿಸದೆ.

"ನಿಮ್ಮ ಕಡಗ ನೀವು ಒಳಗ ಮಲಗೀರಿ ಅಂತೈತಿ."

"ಪುಣ್ಯಾ ಮಾಡೇತಿ ಬಿಡ್ರಿ ಕಡಗ. ನನಗಂತೂ ಆ ಯೋಗ ಬಂದಿಲ್ಲ."

ಒಂಬತ್ತು ಒಲೆಗಳೂ ನಕ್ಕವು. ಮೂರನೆಯ ಒಲೆಯಿಂದ ಹಜರಾಬಿ ಎಂಬ ತೆಳ್ಳನೆಯ ಹೆಂಗಸು ಕೂಗಿದಳು: "ಖರೇ ಹೇಳಿಬಿಡು ನೀಲಕ್ಕಾ. ಬಾಯಾರು ಹಸಿದು ಬಂದಾರ, ಸುಳ್ಳು ತಿಂದು ಹೊಟ್ಟಿ ತುಂಬೂದಿಲ್ಲ."

ನೀಲಗಂಗವ್ವ ಹಿಟ್ಟಿನ ಕೈ ಎತ್ತಿ ತೋರಿಸಿದಳು. "ಇಂಥಾ ಕೈಗೆ ಪಟ್ಟಿ ಕಟಗೊಂಡ್ರ ಹಿಟ್ಟು ಒಳಗ ಹೊಕ್ಕು ಒಣಗಿ ತುರಿಸ್ತೈತ್ರಿ. ಇಷ್ಟು ವರ್ಷ ತಡಕೊಂಡ್ವಿ, ಇನ್ನ ಆಗವಲ್ದು. ಬಿಚ್ಚಿ ಗೂಡಿನ್ಯಾಗ ಇಟ್ರ ಹತ್ತು ನಿಮಿಷಕ್ಕ ನಿಮ್ಮ ಗಾಡಿ ಒದರಕೋತ ಬರ್ತೈತಿ. ಮೊದಲನೇ ದಿನಾ ನಾ ಸತ್ತೇನಂತ ನಾಕು ಮಂದಿ ಸ್ಟ್ರೆಚರ್ ಹಿಡಕೊಂಡು ಓಡಿ ಬಂದ್ರು. ನಾನ ಅವರಿಗೆ ಬಿಸಿ ರೊಟ್ಟಿ ಕೊಟ್ಟು ಕಳಿಸಿದೆ. ಅದಕ್ಕ ಬೆಚ್ಚಗಿನ ಕೈಯೊಂದು ಬೇಕಾತು." ಒಳಗಿನ ಬಾಗಿಲ ಕಡೆ ಗಲ್ಲ ತಿರುಗಿಸಿದಳು. "ಮೌನೇಶಪ್ಪನ ಬಲಗೈ ಖಾಲಿ ಇತ್ತು."

ಕಡಗಕ್ಕೆ ಇದು ಯಾರ ಕೈ ಎಂದು ಕೇಳುವ ಬುದ್ಧಿ ಇರಲಿಲ್ಲ. ತನಗೆ ಬರುವ ನೆರವನ್ನು ಯಾರಾದರೂ ಮತ್ತೊಬ್ಬರ ಮೈಮೇಲೆ ಬಿಟ್ಟು ಹೋದಾರೆಂದು ಅದನ್ನು ಮಾಡಿದವರಿಗೆ ತೋಚಿರಲಿಲ್ಲ.

ದಾಕ್ಷಾಯಣಿ ಒಳಗೆ ಹೋದಳು. ಉದ್ದನೆಯ ಕೋಣೆ, ಹಿಂದೆ ಮಗ್ಗಗಳಿದ್ದ ಜಾಗ. ಕಿಟಕಿಯ ಪಕ್ಕದ ಮಂಚದ ಮೇಲೆ ಅರವತ್ತು ದಾಟಿದ ಮನುಷ್ಯನೊಬ್ಬ ಒರಗಿದ್ದ. ಅವನ ಬಲಗೈ ಮೊಣಕೈಯಿಂದ ಮಣಿಕಟ್ಟಿನವರೆಗೆ ಒಂಬತ್ತು ಕಡಗ ತೊಟ್ಟು, ದಿಂಬಿನ ಮೇಲೆ ಸತ್ತಂತೆ ಬಿದ್ದಿತ್ತು.

"ಮದಲಗಿತ್ತಿ ಕೈ ಆಗೇತ್ರಿ ಅದು!" ಹೊರಗಿನಿಂದ ಹಜರಾಬಿಯ ದನಿ ಬಂತು.

ಆದರೆ ದಾಕ್ಷಾಯಣಿ ಆ ಕೈಯನ್ನು ನೋಡುತ್ತಿರಲಿಲ್ಲ. ಅವನ ಎಡಗೈಯಲ್ಲಿ ಒಂದು ಹಗ್ಗವಿತ್ತು. ಹಗ್ಗ ಮೇಲೇರಿ ತೊಲೆಯನ್ನು ದಾಟಿ ನಾಲ್ಕಾಗಿ ಕವಲೊಡೆಯುತ್ತಿತ್ತು. ನಾಲ್ಕು ತುದಿಗೆ ನಾಲ್ಕು ಸೀರೆಯ ಜೋಲಿಗಳು. ನಾಲ್ಕರಲ್ಲೂ ಓಣಿಯ ಕೂಸುಗಳು ನಿದ್ದೆಹೋಗಿದ್ದವು. ಮೌನೇಶ ಹಗ್ಗವನ್ನು ಎಳೆಯುತ್ತಿದ್ದ, ಬಿಡುತ್ತಿದ್ದ. ಎಳೆಯುತ್ತಿದ್ದ, ಬಿಡುತ್ತಿದ್ದ. ಒಂದೇ ಎಳೆತಕ್ಕೆ ನಾಲ್ಕೂ ಒಂದರ ಹಿಂದೊಂದು ತೂಗುವಂತೆ, ಯಾವುದೂ ಯಾವುದಕ್ಕೂ ತಗುಲದಂತೆ ಗಂಟುಗಳ ಅಳತೆ ಮಾಡಲಾಗಿತ್ತು. ಅವನು ಹಿಂದೆ ಮಗ್ಗ ರಿಪೇರಿ ಮಾಡುತ್ತಿದ್ದನೆಂದೂ, ಪಾರ್ಶ್ವವಾಯು ಹೊಡೆದು ಬಲಮೈ, ಮಾತು ಎರಡೂ ಹೋದ ಮೇಲೆ ಎಡಗೈ ಬೆರಳಿನಿಂದ ಹಾಸಿಗೆಯ ಮೇಲೆ ಗೆರೆ ಎಳೆದು ತೋರಿಸಿ ಇದನ್ನು ಕಟ್ಟಿಸಿದನೆಂದೂ ಆಮೇಲೆ ತಿಳಿಯಿತು. ತೊಲೆಯಲ್ಲಿ ಹಗ್ಗ ಉಜ್ಜಿ ಬೆರಳಾಳದ ಕಚ್ಚು ಬಿದ್ದಿತ್ತು.

"ಐದರಿಂದ ಹನ್ನೊಂದರ ತನಕ," ಎಂದಳು ಹಿಂದೆ ಬಂದು ನಿಂತ ನೀಲಗಂಗವ್ವ. "ಇಂವ ಇಲ್ಲಂದ್ರ ನಾಕು ಮಂದಿ ಒಲಿ ಬಿಟ್ಟು ಎದ್ದು ಬರಬೇಕಾಗ್ತದ."

ದಾಕ್ಷಾಯಣಿ ಮೌನೇಶನ ಹತ್ತಿರ ಬಗ್ಗಿ, ಇವನಿಗೆ ತಿಳಿಯುತ್ತದೋ ಇಲ್ಲವೋ ಎಂಬ ಅನುಮಾನದಲ್ಲಿ ಸ್ವಲ್ಪ ಜೋರಾಗಿ ಹೇಳಿದಳು: "ಅಜ್ಜಾರ, ನಿಮ್ಮನ್ನ ಆರೈಕೆ ಧಾಮಕ್ಕ ಕರಕೊಂಡು ಹೋಗಬೇಕಂತ ಮಾಡ್ಯಾರ. ಅಲ್ಲಿ..."

ಹಗ್ಗ ನಿಂತಿತು. ನಾಲ್ಕು ಜೋಲಿಗಳು ಓಲಾಡುತ್ತ ಓಲಾಡುತ್ತ ನಿಂತವು. ಮೂರನೆಯದರಿಂದ ಒಂದು ಕೂಸು ಕುಂಯ್ ಎಂದಿತು. ಮೌನೇಶ ದಾಕ್ಷಾಯಣಿಯನ್ನೇ ನೋಡುತ್ತಿದ್ದ. ಎರಡನೆಯ ಕೂಸು ಅಳಲು ಶುರುಮಾಡಿದಾಗ ಅವನ ಕೈ ಮತ್ತೆ ಎಳೆಯತೊಡಗಿತು, ಕಣ್ಣು ಮಾತ್ರ ಅವಳ ಮೇಲಿಂದ ಸರಿಯಲಿಲ್ಲ.

ಅವಳು ಆ ದಿನ ವರದಿ ಬರೆಯಲಿಲ್ಲ. ಬದಲಿಗೆ ಒಂಬತ್ತು ಹೆಂಗಸರಿಗೆ ಕಡಗಗಳನ್ನು ಕಾಲಿಗೆ ಕಟ್ಟಿಕೊಳ್ಳಲು ಹೇಳಿದಳು. ಮೌನೇಶನ ಹೆಸರಿನ ಕಡಗ ಮೊದಲಿನಿಂದಲೂ ಅವನ ಬಲಗಾಲಿನಲ್ಲಿತ್ತು, ಜೀವವಿಲ್ಲದ ಕಾಲು. ಅದನ್ನು ಬಿಚ್ಚಿ ಎಡಗೈಗೆ ಕಟ್ಟಿದಳು. "ಮೂರು ದಿನಾ," ಎಂದಳು. ಮೂರು ದಿನ ಬೆಟಗೇರಿಯಲ್ಲಿ ಯಾರಿಗೂ ಪಾರ್ಶ್ವವಾಯು ಹೊಡೆಯಲಿಲ್ಲ.

ನಾಲ್ಕನೆಯ ದಿನ ಅವಳು ನಿಯಂತ್ರಣ ಕೊಠಡಿಯಲ್ಲಿ ಗೋಡೆಯಷ್ಟಗಲದ ಪರದೆಯ ಮುಂದೆ ಕೂತು, ಯಂತ್ರವನ್ನು ಹನ್ನೊಂದು ವರ್ಷಗಳಲ್ಲಿ ಯಾರೂ ಕೇಳದಿದ್ದ ಒಂದು ಪ್ರಶ್ನೆ ಕೇಳಿದಳು. ಯಂತ್ರಕ್ಕೆ ಒಬ್ಬೊಬ್ಬರನ್ನೇ ನೋಡಲು ಕಲಿಸಿದ್ದರು. ಒಂದು ಮೈ, ಅದರ ದಣಿವು, ಅದರ ಕೊರತೆ. ಎರಡು ಮೈಗಳನ್ನು ಒಟ್ಟಿಗೆ ನೋಡು ಎಂದಳು ಅವಳು. ಒಬ್ಬರ ದಣಿವು ಏರಿದ್ದರಿಂದ ಮತ್ತೊಬ್ಬರ ದಣಿವು ಇಳಿದಿದ್ದರೆ, ಒಂದು ಸಲವಲ್ಲ, ದಿನದಿನವೂ ಹಾಗಾಗುತ್ತಿದ್ದರೆ, ಅವರಿಬ್ಬರ ನಡುವೆ ಒಂದು ಎಳೆಯನ್ನು ಎಳೆ.

ಮೊದಲು ಓಣಿ ಹತ್ತಿಕೊಂಡಿತು. ಒಂಬತ್ತು ಒಲೆಗಳ ನಡುವೆ ಜೇಡನ ಬಲೆಯಂತೆ ತೆಳ್ಳನೆಯ ಬೆಳಕು. ಅದು ಒಳಗಿನ ಕೋಣೆಗೆ ಹರಿದು ಒಂದು ಬಿಂದುವಿನಲ್ಲಿ ಕೂಡಿ ಉರಿಯಿತು. ಆ ಬಿಂದುವಿನ ಪಕ್ಕ ಯಂತ್ರದ ಹಳೆಯ ಅಕ್ಷರಗಳು: ಪೂರ್ಣ ಅವಲಂಬಿತ. ಅವನ ಎಡ ಭುಜದಿಂದ ನಾಲ್ಕು ಕೂಸುಗಳಿಗೆ, ಕೂಸುಗಳಿಂದ ತಾಯಂದಿರಿಗೆ, ಅವರ ಕೈಯಿಂದ ಬುಟ್ಟಿಗಳಿಗೆ. ಬುಟ್ಟಿಗಳು ಹೊರಟ ದಿಕ್ಕಿಗೆ ಎಳೆಗಳೂ ಹೊರಟವು. ಹಾಸ್ಟೆಲಿನ ಹುಡುಗಿಯರು, ಆಸ್ಪತ್ರೆಯ ರಾತ್ರಿಪಾಳಿ ಮುಗಿಸಿದ ದಾದಿಯರು, ಬಸ್ಸಿನ ಕಂಡಕ್ಟರುಗಳು. ಯಂತ್ರ ಎಣಿಸಿ ಹೇಳಿತು: ಮೌನೇಶ ಬಡಿಗೇರನ ಭುಜದಿಂದ ಹಗುರಾಗುತ್ತಿದ್ದ ಮೈಗಳು ಒಂದು ಸಾವಿರದ ನೂರ ನಲವತ್ತು.

ದಾಕ್ಷಾಯಣಿ ಇಡೀ ಊರನ್ನು ತೋರಿಸು ಎಂದಳು.

ಪಕ್ಕದಲ್ಲಿ ಪರದೆ ನೋಡಿಕೊಳ್ಳುತ್ತಿದ್ದ ರಾಜೇಸಾಬ ನದಾಫ ಚಹಾದ ಕಪ್ಪು ಹಿಡಿದವನು ಹಿಡಿದಂತೆಯೇ ನಿಂತ. "ಅಕ್ಕಾ, ಏನಿದು? ಬೆಂಕಿ ಬಿದ್ದದೇನು?"

ಊರು ಕಾಣುತ್ತಿರಲಿಲ್ಲ, ಎಳೆಗಳೇ ಕಾಣುತ್ತಿದ್ದವು. ಲಕ್ಷಾಂತರ ಎಳೆಗಳು ಮನೆಯಿಂದ ಮನೆಗೆ, ಮಹಡಿಯಿಂದ ಗುಡಿಸಲಿಗೆ, ಕುರುಡನಿಂದ ಕಣ್ಣಿದ್ದವಳಿಗೆ, ಅಲ್ಲಿಂದ ಮತ್ತೆ ಕುರುಡನಿಗೆ. ಕೇಂದ್ರವು ಕಳಿಸುವ ನೆರವೂ ಅದರಲ್ಲಿತ್ತು. ಹನ್ನೊಂದು ವರ್ಷಗಳ ಹೆಮ್ಮೆ, ಮೇಲಿನಿಂದ ಕೆಳಕ್ಕೆ ಬರುವ ನೀಲಿ ಗೆರೆಗಳು. ಅವು ಸುಳ್ಳಾಗಿರಲಿಲ್ಲ, ಬೇಡವಾದವೂ ಆಗಿರಲಿಲ್ಲ. ಆದರೆ ಆ ಬೆಳಕಿನ ಹೊಲದಲ್ಲಿ ಅವು ಅಲ್ಲಲ್ಲಿ ನೆಟ್ಟ ಕಂಬಗಳಷ್ಟೇ ಆಗಿದ್ದವು. ಊರು ನಿಂತದ್ದು ತಾವು ನಿಲ್ಲಿಸಿದ್ದರಿಂದ ಎಂದು ನಂಬಿದ್ದವಳು, ಅದು ಹೇಗೆ ನಿಂತಿದೆಯೆಂದು ಮೊದಲ ಸಲ ನೋಡಿದಳು. ರಾಜೇಸಾಬ ಕಪ್ಪನ್ನು ನೆಲಕ್ಕಿಟ್ಟು ಮೆಲ್ಲಗೆ ತನ್ನ ಮನೆ ಹುಡುಕತೊಡಗಿದ. ಅವಳೂ ತನ್ನ ಬಿಂದು ಹುಡುಕಿದಳು. ಸಿಕ್ಕಿತು. ದಾಕ್ಷಾಯಣಿ ಕಟ್ಟೀಮನಿ: ಪೂರ್ಣ ಸ್ವಾವಲಂಬಿ. ಬರುವ ಎಳೆಗಳು ಐದು. ಹೋಗುವುದು ಒಂದೂ ಇಲ್ಲ.

ಸಂಜೆ ಮನೆಗೆ ಬಂದಾಗ ಅತ್ತೆ ಇಂದುಮತಿಬಾಯಿ ಮೊಮ್ಮಗಳ ಜಡೆ ಬಿಚ್ಚಿ ಎಣ್ಣೆ ಹಚ್ಚುತ್ತಿದ್ದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಗಂಡ ಕಪ್ಪತಗುಡ್ಡದ ಗಾಳಿಯಂತ್ರಗಳ ಕೆಲಸದಲ್ಲಿ ವಾರಕ್ಕೊಮ್ಮೆ ಬರುವವನು. ದಾಕ್ಷಾಯಣಿ ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತಳು.

"ಅತ್ತೀ, ನಿಮಗ ದಣಿವಾಗ್ತದೇನ್ರಿ?"

ಅತ್ತೆ ಕನ್ನಡಕದ ಮೇಲಿಂದ ನೋಡಿದರು. "ಯಾಕ, ನನ್ನ ಕಡಗ ಕೆಟ್ಟದೇನು?"

"ಇಲ್ರಿ. ಸುಮ್ನ ಕೇಳಿದೆ."

"ಏಳು ವರ್ಷದಾಗ ಸುಮ್ನ ಕೇಳಿದ್ದು ಇದ ಮೊದಲು. ಒಳಗ ಬಾ, ಸಾರು ನೋಡು, ಉಕ್ಕತೈತಿ."

ಮರುದಿನ ಅವಳು ಮಳಗಿಯವರನ್ನು ಕರೆದು ಪರದೆ ತೋರಿಸಿದಳು. ಮಳಗಿ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಅವರ ಮುಖದ ಮೇಲೆ ಎಳೆಗಳ ಬೆಳಕು ಹರಿದಾಡುತ್ತಿತ್ತು.

"ಏನ್ ಛಂದ ಅದ ರೀ," ಎಂದರು ಕೊನೆಗೆ. "ಏನ್ ಛಂದ ಅದ."

"ಹೌದ್ರಿ ಸರ್."

"ಕಲಂ ಹದಿನಾಲ್ಕು ಮರತುಬಿಡ್ರಿ. ಇವರು ಕಳ್ಳರಲ್ಲ." ಅವರು ಎದ್ದು ಪರದೆಯ ಹತ್ತಿರ ಹೋದರು. "ಇವರು ಸ್ವಾವಲಂಬಿ! ಈ ಓಣಿಗೆ ನಾವು ಬೇಕಾಗೇ ಇಲ್ಲ. ಇಷ್ಟು ದಟ್ಟ ಎಳಿ ಇರೂ ಓಣಿ ಜಿಲ್ಲಾದಾಗ ಎಷ್ಟಿದ್ದಾವು? ಎಲ್ಲಾ ಕಡೆ ನೆರವು ಹಿಂದ ತಗೀಬಹುದು. ಒಂದು ಪ್ರಶಸ್ತಿ ಕೊಡೋಣು ಬೇಕಾದ್ರ, ಮಾದರಿ ಓಣಿ ಅಂತ."

ದಾಕ್ಷಾಯಣಿ ಅವರ ಪಕ್ಕಕ್ಕೆ ಹೋಗಿ ಓಣಿಯ ಎಳೆಗಳ ಮೇಲೆ ಬೆರಳಿಟ್ಟಳು. "ಸರ್, ಆ ಎಳಿ ಉರಿಯಾಕತ್ತಾವು. ಉರಿಯೂದು ಅವರ ಮೈ. ನೀಲಗಂಗವ್ವಗ ಐವತ್ತು, ಆಕಿ ಭುಜಕ್ಕ ಎಪ್ಪತ್ತೈದು."

"ಹಂಗಾದ್ರ ಭಾರ ಇಳಸ್ರಿ. ದಾದಿಯರನ್ನ ಕಳಿಸಿ, ಕೂಸುಗಳನ್ನ ಒಂದು ಕಡೆ, ಆ ಮನಷ್ಯಾನ್ನ ಧಾಮಕ್ಕ. ಅವರಿಗ್ಯಾಕ ಈ ತಾಪತ್ರಯ? ಯಾವುದರ ಒಂದು ಮಾಡ್ರಿ." ಮಳಗಿ ಗಡಿಯಾರ ನೋಡಿದರು. "ಯಂತ್ರದಾಗ ಎರಡ ಪಟ್ಟಿ ಅದಾವು. 'ಇದೆ', 'ಬೇಕು'. ಈ ಎಳಿ ಯಾವ ಪಟ್ಟಿಗೆ ಬರ್ತಾವು ಅಂತ ನೀವ ಬರೀರಿ. ನಾಳೆ ಹನ್ನೆರಡರ ಆದೇಶಕ್ಕ ಹೋಗಲಿ. ಎರಡರಾಗ ಯಾವುದಾದ್ರೂ ಅಷ್ಟ, ಬಡಿಗೇರ ಧಾಮಕ್ಕ ಹೋಗಾಂವ. ವ್ಯಾನಿಗೆ ಹೇಳಿಟ್ಟೇನಿ."

'ಇದೆ' ಎಂದು ಬರೆದರೆ ಸರ್ಕಾರ ಬೆನ್ನು ತಿರುಗಿಸುತ್ತದೆ. 'ಬೇಕು' ಎಂದು ಬರೆದರೆ ಬಂದು ಎಲ್ಲವನ್ನೂ ಬಿಡಿಸಿ, ಒಬ್ಬೊಬ್ಬರನ್ನೇ ಬೇರೆಬೇರೆ ಬಿಳಿ ಹಾಸಿಗೆಯಲ್ಲಿ ಮಲಗಿಸುತ್ತದೆ. ನಾಲ್ಕು ವರ್ಷ ಸಂಶೋಧನೆ ಮಾಡಿದವಳಿಗೆ ಮೂರನೆಯ ದಾರಿ ಹೊಳೆಯಲಿಲ್ಲ. ಮರುದಿನ ಬೆಳಿಗ್ಗೆ ಅವಳು ಮತ್ತೆ ಸುಣ್ಣದಗೂಡು ಓಣಿಗೆ ಹೋಗಿ, ನೀಲಗಂಗವ್ವನ ಒಲೆಯ ಪಕ್ಕ ಮಣೆಯಿಲ್ಲದೆ ನೆಲದ ಮೇಲೆ ಕೂತಳು. ಮಧ್ಯಾಹ್ನ ವ್ಯಾನು ಬರುತ್ತದೆಂದು ಹೇಳಿದಳು. ಒಂಬತ್ತು ಒಲೆಗಳ ಸದ್ದು ನಿಂತಿತು.

"ಒಂದು ಮಾತು ಹೇಳ್ರಿ ಯವ್ವಾ. ಮೌನೇಶಪ್ಪ ನಿಮಗ ಭಾರನೋ, ಆಸರನೋ?"

"ಇದೇನು ಕೇಳ್ತೀರಿ! ದಿನಕ್ಕ ಎರಡು ಸರತಿ ಮೈ ಒರಸಬೇಕು, ತುತ್ತು ಮಾಡಿ ಉಣಸಬೇಕು, ಎತ್ತಿ ಹೊಳ್ಳಿ ಮಲಗಸಬೇಕು. ಭಾರ ಅದಾನ." ಹಂಚಿನ ಮೇಲಿನ ರೊಟ್ಟಿ ಕಪ್ಪಾಗುತ್ತಿತ್ತು, ನೀಲಗಂಗವ್ವ ಅದನ್ನು ತೆಗೆಯಲಿಲ್ಲ. "ಆಸರನೂ ಅದಾನ. ಒಬ್ಬ ಮನಷ್ಯಾ ಎರಡೂ ಆಗಬಾರದಂತ ನಿಮ್ಮ ಮಷೀನಿಗೆ ಯಾರು ಕಲಿಸ್ಯಾರ್ರಿ?"

ದಾಕ್ಷಾಯಣಿ ಅವಳ ಮುಖವನ್ನೇ ನೋಡಿದಳು.

"ಯಾಕ ಬಾಯಾರ, ತಪ್ಪು ಅಂದ್ನೇನು?"

"ಇಲ್ರಿ," ಎಂದಳು ದಾಕ್ಷಾಯಣಿ ಏಳುತ್ತ. "ಕಲಿಸಿದವರಾಗ ನಾನೂ ಒಬ್ಬಾಕಿ."

ಹನ್ನೊಂದೂ ಮುಕ್ಕಾಲಿಗೆ ಅವಳು ನಿಯಂತ್ರಣ ಕೊಠಡಿಯಲ್ಲಿದ್ದಳು. ಒಂದೇ ಸಂಗತಿ ಎರಡೂ ಪಟ್ಟಿಯಲ್ಲಿ ಬಂದರೆ ಅದನ್ನು ತಪ್ಪೆಂದು ಕಿತ್ತೆಸೆಯುವ ಒಂದು ಸಾಲು ಯಂತ್ರದ ಆದೇಶಗಳಲ್ಲಿತ್ತು. ಅದನ್ನು ಅಳಿಸಿದಳು. ಮಳಗಿ ಓಣಿಯೊಂದರ ಎಳೆಗಳಿಗಷ್ಟೇ ಅಪ್ಪಣೆ ಕೊಟ್ಟಿದ್ದರು. ಅವಳು ಊರಿನ ಎಲ್ಲ ಎಳೆಗಳನ್ನೂ 'ಇದೆ' ಎಂಬಲ್ಲಿ ಬರೆದಳು. ಅವನ್ನೇ, ಒಂದೂ ಬಿಡದೆ, 'ಬೇಕು' ಎಂಬಲ್ಲಿಯೂ ಬರೆದಳು.

"ಅಕ್ಕಾ, ಮಷೀನಿಗೆ ತಲಿ ಕೆಡ್ತದ," ಎಂದ ರಾಜೇಸಾಬ.

"ಕೆಡಲಿ. ಹನ್ನೊಂದು ವರ್ಷ ನಮ್ಮ ತಲಿ ಹೇಳಿದಂಗ ಕೇಳೇತಿ."

"ನೌಕರಿ ಹೋಗ್ತದ ನೋಡ್ರಿ."

"ಯಾರರ ಕೇಳಿದ್ರ ನೀ ಹೊರಗ ಹೋಗಿದ್ದಿ, ಚಹಾ ಕುಡ್ಯಾಕ."

"ನಾ ಚಹಾ ಬಿಟ್ಟು ಎರಡು ದಿನಾ ಆತು," ಎಂದು ಹೇಳಿ ರಾಜೇಸಾಬ ಕುರ್ಚಿ ಹತ್ತಿರ ಎಳೆದುಕೊಂಡ.

ಹನ್ನೆರಡು ಹೊಡೆಯಿತು. ದಿನವೂ ಯಂತ್ರ ನಲವತ್ತು ಸೆಕೆಂಡಿನಲ್ಲಿ ಆದೇಶಗಳನ್ನು ಹೊರಡಿಸುತ್ತಿತ್ತು. ಇಂದು ನಲವತ್ತು ಸೆಕೆಂಡು ಕಳೆಯಿತು. ಎರಡು ನಿಮಿಷ. ಐದು. ಜಿಲ್ಲೆಯ ಉಗ್ರಾಣಗಳಿಂದ, ಗಾಡಿಗಳಿಂದ, ಆಸ್ಪತ್ರೆಗಳಿಂದ ಕರೆಗಳು ಬರತೊಡಗಿದವು. ಏನಾತು, ಯಾಕ ತಡಾ? ನೆಲದಡಿಯಲ್ಲಿ ಯಂತ್ರವನ್ನು ತಂಪಾಗಿಡುವ ಫ್ಯಾನುಗಳ ಗುಂಯ್ ಎನ್ನುವ ಸದ್ದು ಏರುತ್ತ ಹೋಯಿತು. ಹದಿನೈದನೆಯ ನಿಮಿಷಕ್ಕೆ ಮಳಗಿ ಓಡಿ ಬಂದರು.

"ಏನ್ ಮಾಡಿದ್ರಿ?"

ಅವಳು ಹೇಳಿದಳು. ಮಳಗಿ ಕೆಂಪು ಗುಂಡಿಯ ಗಾಜಿನ ಮುಚ್ಚಳ ಎತ್ತಿದರು. ಅದನ್ನು ಒತ್ತಿದರೆ ಯಂತ್ರ ನಿಂತು ನಿನ್ನೆಯ ಸ್ಥಿತಿಗೆ ಮರಳುತ್ತದೆ; ಅವರು ಮೊದಲೇ ಹೇಳಿಟ್ಟ ವ್ಯಾನು ಹೊರಡುತ್ತದೆ. ಅವರ ಹೆಬ್ಬೆರಳು ಗುಂಡಿಯ ಮೇಲಿದ್ದಾಗಲೇ ಫ್ಯಾನುಗಳ ಸದ್ದು ಇಳಿಯಿತು. ಹದಿನೇಳನೆಯ ನಿಮಿಷ.

ಪರದೆಯ ಮೇಲೆ ಮೊದಲ ಸಾಲು ಬಂತು. 'ಮೌನೇಶ ಬಡಿಗೇರ ಇವರ ಸ್ಥಳಾಂತರ: ಒಟ್ಟು ದಣಿವು ಹೆಚ್ಚುತ್ತದೆ. ರದ್ದು.' ಅದರ ಕೆಳಗೆ ಎರಡನೆಯ ಸಾಲು. 'ಸುಣ್ಣದಗೂಡು ಓಣಿ: ಈಗಿರುವ ನೆರವು ಮುಂದುವರಿಯುವುದು. ಹೆಚ್ಚುವರಿ: ಮಧ್ಯಾಹ್ನ ಎತ್ತಿ ಮಲಗಿಸಲು ಇಬ್ಬರು. ರಾಟೆ, ಒಂದು.'

"ರಾಟಿ?" ಎಂದರು ಮಳಗಿ.

ಸಾಲುಗಳು ನಿಲ್ಲಲಿಲ್ಲ. ಹತ್ತಾದವು, ನೂರಾದವು, ಪರದೆ ತುಂಬಿ ಮೇಲೇರಿದವು. ಇದುವರೆಗೆ ಯಂತ್ರ ಕಳಿಸುತ್ತಿದ್ದದ್ದು ಚೀಲ, ಔಷಧಿ, ಹಾಸಿಗೆ, ಕುರ್ಚಿ. ಈಗಲೂ ಅವು ಇದ್ದವು. ಆದರೆ ಅವುಗಳ ನಡುನಡುವೆ ಹಿಂದೆಂದೂ ಯಾವ ಸರ್ಕಾರವೂ ಯಾರಿಗೂ ಕೊಡದ ಸಂಗತಿಗಳು ಬರುತ್ತಿದ್ದವು. ಹಾಲಿನವಳ ಮನೆ ಬೀಗಕ್ಕೆ ಎರಡನೆಯ ಕೀಲಿ, ಎದುರುಮನೆಯವರಿಗೆ ಕೊಡಲು. ಒಂಬತ್ತೂಕಾಲಿನ ಬಸ್ಸು ಇನ್ನು ಮುಂದೆ ಒಂಬತ್ತಕ್ಕೆ. ಎರಡು ಹಿತ್ತಿಲುಗಳ ನಡುವಿನ ಗೋಡೆಯಲ್ಲಿ ಒಂದು ಬಾಗಿಲು. ಕಿವುಡ ಟೇಲರನ ಅಂಗಡಿಗೆ ಇನ್ನೊಂದು ದೀಪ, ಹೆಂಡತಿಯ ತುಟಿ ಅವನಿಗೆ ಕಾಣಲು. ಒಂದು ನೂರು, ಒಂದು ಸಾವಿರ, ಮೂರು ಸಾವಿರದ ನಾನೂರು. ಹನ್ನೊಂದು ವರ್ಷ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ನೋಡಿದ್ದ ಯಂತ್ರ, ಹದಿನೇಳು ನಿಮಿಷ ಅವರ ನಡುವಿನ ಜಾಗವನ್ನು ನೋಡಿ, ಅಲ್ಲಿ ಏನೇನು ತುಸು ಸಡಿಲಾಗಿದೆ, ಎಲ್ಲಿ ಒಂದು ಮೊಳೆ ಹೊಡೆದರೆ ಸಾಕು ಎಂದು ಹೇಳುತ್ತಿತ್ತು. ರಾಜೇಸಾಬ ಗಟ್ಟಿಯಾಗಿ ಓದುತ್ತಿದ್ದವನು ದನಿ ಒಡೆದು ನಿಲ್ಲಿಸಿದ.

ಮಳಗಿಯ ಹೆಬ್ಬೆರಳು ಇನ್ನೂ ಗುಂಡಿಯ ಮೇಲಿತ್ತು. ಅವರು ಒಂದು ಸಾಲನ್ನೇ ದಿಟ್ಟಿಸುತ್ತಿದ್ದರು. 'ಬೆಂಚು, ಒಂದು. ವಿ. ಮಳಗಿ ಇವರ ಮನೆಯ ಗೇಟಿನ ಹೊರಗೆ, ನೆರಳಿರುವ ಕಡೆ. ಹತ್ತೂವರೆಗೆ ಇಬ್ಬರು ಕೂರಲು.'

"ಹತ್ತೂವರಿಗೆ ನಮ್ಮ ಅವ್ವ ಮನ್ಯಾಗ ಒಬ್ಬಾಕೀನ ಇರ್ತಾಳ," ಎಂದರು ಅವರು. "ಯಾರ ಜೋಡಿ ಕೂಡ್ತಾಳ ಆಕಿ?"

"ಯಂತ್ರಕ್ಕ ಗೊತ್ತಿರಬೇಕ್ರಿ," ಎಂದಳು ದಾಕ್ಷಾಯಣಿ. "ಅವ್ವಾರನ್ನ ಕೇಳಿದ್ರೂ ಹೇಳ್ಯಾರು."

ಮಳಗಿ ಗಾಜಿನ ಮುಚ್ಚಳ ಮುಚ್ಚಿದರು. ಅವಳ ಕಡೆ ತಿರುಗದೆಯೇ ಹೇಳಿದರು, "ನಿಮಗ ನೋಟೀಸು ಕೊಡಬೇಕಾಗ್ತದ. ಅಪ್ಪಣಿ ಇಲ್ಲದ ಮಾಡೀರಿ."

"ಕೊಡ್ರಿ ಸರ್."

"ಸೋಮವಾರ ಕೊಡ್ತೀನಿ. ಈಗ ಮನಿಗೆ ಹೋಗಿ ಬರ್ತೀನಿ."

ಮೂರು ಗಂಟೆಗೆ ಸುಣ್ಣದಗೂಡು ಓಣಿಯ ಬಾಯಲ್ಲಿ ಕೇಂದ್ರದ ಗಾಡಿ ನಿಂತಾಗ ಹೆಂಗಸರೆಲ್ಲ ಮೌನೇಶನ ಮಂಚದ ಸುತ್ತ ಕೈಹಿಡಿದು ನಿಂತಿದ್ದರು. ಹಜರಾಬಿಯ ಕೈಯಲ್ಲಿ ಒಲೆಯ ಊದುಗೊಳವೆಯೂ ಇತ್ತು. ಗಾಡಿಯಿಂದ ದಾಕ್ಷಾಯಣಿ ಇಳಿದಳು, ಹಿಂದೆಯೇ ಏಣಿ ಹೊತ್ತ ಒಬ್ಬ ಬಡಗಿ.

"ಯಾರನ್ನ ಒಯ್ಯಾಕ ಬಂದೀರಿ?" ನೀಲಗಂಗವ್ವನ ದನಿ ಗಡಸಾಗಿತ್ತು.

"ಯಾರನ್ನೂ ಇಲ್ಲ. ಗಡಗಡಿ ಹಾಕಾಕ ಬಂದೇವಿ."

ಬಡಗಿ ತೊಲೆಗೆ ಏಣಿ ಹಚ್ಚಿ, ಹಗ್ಗ ಉಜ್ಜಿ ಕಚ್ಚು ಬಿದ್ದ ಕಡೆಗೆ ಅಂಗೈಯಗಲದ ಒಂದು ಕಬ್ಬಿಣದ ರಾಟೆ ಕೂರಿಸಿದ. ಅದು ಮಿಣಮಿಣ ಹೊಳೆಯುತ್ತಿತ್ತು. ಒಳಗೆ ಸಣ್ಣ ಗುಂಡುಗಳಿದ್ದವು. ಬೆರಳಿನಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗಿ, ನಿಲ್ಲುವುದೇ ಮರೆತಂತೆ ತಿರುಗುತ್ತಿತ್ತು. ಮೌನೇಶ ಅದನ್ನು ಕಣ್ಣು ಕಿರಿದು ಮಾಡಿ ನೋಡಿದ. ಮಗ್ಗದವನ ನೋಟ ಅದು. ಬಡಗಿ ಒಂದು ಬೋಲ್ಟು ತುಸು ಓರೆ ಬಿಗಿದಾಗ ಅವನ ಎಡಗೈ ತೋರುಬೆರಳು ಎದ್ದು ಎರಡು ಸಲ ಅತ್ತ ಕುಕ್ಕಿತು. ಬಡಗಿ ಬಿಚ್ಚಿ ನೆಟ್ಟಗೆ ಬಿಗಿದ.

ನಿದ್ದೆಗಣ್ಣಿನ ಕೂಸುಗಳನ್ನು ಮತ್ತೆ ಜೋಲಿಗೆ ಹಾಕಿ, ಹಗ್ಗವನ್ನು ಅವನ ಕೈಗೆ ಕೊಟ್ಟರು.

ಇಷ್ಟು ವರ್ಷ ಎಷ್ಟು ಬಲ ಹಾಕುತ್ತಿದ್ದನೋ ಅಷ್ಟೇ ಬಲ ಹಾಕಿ ಮೌನೇಶ ಎಳೆದ. ನಾಲ್ಕು ಜೋಲಿಗಳೂ ಒಮ್ಮೆಲೇ ಚಿಮ್ಮಿ ತೊಲೆಯ ಹತ್ತಿರಕ್ಕೆ ಹಾರಿದವು. "ಯವ್ವಾ!" ಎಂದು ಹೆಂಗಸರು ಚೀರಿ ಕೈ ಚಾಚಿದರು. ಮೇಲಿನಿಂದ ನಾಲ್ಕು ಕೂಸುಗಳು ಕಣ್ಣು ಬಿಟ್ಟು, ಅಳಬೇಕೋ ಬೇಡವೋ ತೋಚದೆ, ಬಾಯಿ ತೆರೆದು ಕೆಳಗೆ ನೋಡುತ್ತ ಇಳಿದು ಬಂದವು. ಮೌನೇಶನ ಗಂಟಲಿನಿಂದ ಗರಗರ ಎಂದು ಏನೋ ಹೊರಟಿತು. ಹಜರಾಬಿ ಗಾಬರಿಯಿಂದ ಅವನ ಎದೆ ಮುಟ್ಟಿದಳು.

"ಬಿಡೇ," ಎಂದಳು ನೀಲಗಂಗವ್ವ. "ನಗಾಕತ್ತಾನ."

ಮೌನೇಶ ಈ ಸಲ ಎರಡೇ ಬೆರಳಿನಿಂದ ಎಳೆದ.